ಅರವತ್ತರ ಮ್ಯಾಲೆ ಮೂರು ಗಾಲಿ

ಅಕ್ಕಾರ, ವೈನಿಗೋಳ, ಮಾವಶಿಗೋಳ, ಈ ಸಲ ಮಣಕಾಲಿನ ಮಾತ ಆಡೂಣು. ನಮ್ಮ ಏಕಸಂಬ್ಯಾಗ ಅರವತ್ತು ದಾಟಿದ ಯಾರನ್ನ ಕೇಳಿದ್ರೂ ಒಂದ ಉತ್ತರ: "ಕುಂತ್ರ ಏಳಾಕ ಆಗೂದಿಲ್ಲ." ಮನ್ಯಾಗಿನವರು ಹೇಳೂ ಔಷಧನೂ ಒಂದ: "ಸುಮ್ಮ ಕುಂಡ್ರು." ನಾ ಅಂತೀನಿ, ಸುಮ್ಮ ಕುಂಡ್ರೂದ ನಮ್ಮನ್ನ ಹಾಸಗಿಗೆ ಹಚ್ಚತೈತಿ. ನಮಗ ಬೇಕಾಗಿದ್ದು ಮೂರು ಗಾಲಿ ಸೈಕಲ್.

"ನಾವೇನ ದುಡದಿಲ್ಲೇನು?" ಅಂತೀರಿ. ದುಡದೀವಿ. ನೀರು ಸೇದೀವಿ, ಬೀಸೀವಿ, ಕಬ್ಬಿನ್ಯಾಗ ಕಸಾ ತಗದೀವಿ. ಆದ್ರ ಈಗ ನಳ ಬಂದೈತಿ, ಗ್ಯಾಸ್ ಬಂದೈತಿ, ರೊಟ್ಟಿ ಸೊಸಿ ಬಡೀತಾಳ. ನಮ್ಮ ಕಾಲಿಗೆ ಉಳದ ದಾರಿ ಮಂಚದಿಂದ ಟಿವಿತನಕ. ಹಳೇ ದುಡಿತ ಬ್ಯಾಂಕಿನ ಠೇವಿ ಅಲ್ಲ, ಕುಂತು ತಿನ್ನಾಕ. ಬಳಸದಿದ್ರ ತೊಡಿ ಸ್ನಾಯು ಕರಗತಾವ, ಭಾರ ಕೀಲಿನ ಮ್ಯಾಲೆ ಬೀಳತೈತಿ. ನೋವಂತ ಇನ್ನಷ್ಟು ಕಡಿಮಿ ನಡೀತೀವಿ, ಕಾಲು ಇನ್ನಷ್ಟು ಸೋಲತಾವ.

ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದು, 65 ದಾಟಿದವರೂ ವಾರಕ್ಕ ಕಡಿಮಿ ಅಂದ್ರ 150 ನಿಮಿಷ ಮೈ ದಣಸಬೇಕು. ದಿನಾ ಅರ್ಧ ತಾಸಿನಂಗ ಐದು ದಿನ. ಅದರ ಜೋಡಿ ಸ್ನಾಯು ಗಟ್ಟಿ ಮಾಡೂದು ಎರಡು ದಿನ, ತೋಲ ತಪ್ಪದಂಗ ನಿಂದ್ರೂ ರೂಢಿ ಮೂರು ದಿನ.

ನಾ ಹೇಳೂ ಸೈಕಲ್‌ದಾಗ ಆರಾಮ ಖುರ್ಚಿಯೊಳಗ ಒರಗಿದಂಗ ಕುಂಡ್ರಬೇಕು. ಪೆಡಲ್ ಮುಂದ, ಬೆನ್ನಿಗೆ ಆಸರ. ಮೈ ಭಾರ ಖುರ್ಚಿ ಹೊರತೈತಿ, ಮಣಕಾಲಿಗೆ ಭಾರ ಬೀಳದಂಗ ತೊಡಿ ದುಡೀತಾವ. ಮೂರು ಗಾಲಿ ಇದ್ದಿದ್ದಕ್ಕ ನಿಂತಾಗೂ ವಾಲೂದಿಲ್ಲ. ನಮ್ಮ ವಯಸ್ಸಿಗೆ ಬಿದ್ದು ತೊಡಿ ಎಲುಬು ಮುರಕೊಳ್ಳೂ ಅಂಜಿಕಿ ದೊಡ್ಡದು. ಒರಗಿ ತುಳಿಯೂದು ಸೋತವರ ಸಾಧನ ಅನ್ನಬ್ಯಾಡ್ರಿ. 1933ರಾಗ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಇಂಥಾ ಒರಗೂ ಸೈಕಲ್ ಮ್ಯಾಲೆ ಒಂದ ತಾಸಿನ್ಯಾಗ 45 ಕಿಲೋಮೀಟರ್ ದಾಟಿದ. ಮರುವರ್ಷ ಸೈಕಲ್ ಸಂಘದವರು ಅದನ್ನ ಪಂದ್ಯದಿಂದನ ಹೊರಗ ಇಟ್ಟರು.

"ಮಂದಿ ನಗತಾರ" ಅನ್ನೂದು ಖರೇ ಅಡ್ಡಿ. ತಮಿಳುನಾಡಿನ ಪುದುಕ್ಕೋಟೈದಾಗ 1990ರ ದಶಕದ ಸುರುವಿಗೆ, ಸಾಕ್ಷರತಾ ಚಳವಳಿ ಕಾಲಕ್ಕ, ಸಾವಿರಾರು ಹಳ್ಳಿ ಹೆಣ್ಮಕ್ಕಳು ಸೈಕಲ್ ಕಲತರು. ಅವರಿಗೂ ಮಂದಿ ನಕ್ಕರು. ನಮ್ಮಲ್ಲೂ 2006-07ರಿಂದ ಎಂಟನೇ ಇಯತ್ತೆ ಹುಡುಗ್ಯಾರಿಗೆ ಸರಕಾರ ಸೈಕಲ್ ಕೊಟ್ಟಮ್ಯಾಲೆ ಯಾರೂ ನಗೂದು ಬಿಟ್ಟರು. ಮೊಮ್ಮಗಳಿಗೆ ಒಪ್ಪೂದು ಆಯಿಗೆ ಯಾಕ ಒಪ್ಪೂದಿಲ್ಲ?

ಆದ್ರ ಕಣ್ಣ ಮುಚ್ಚಿ ತಗೋಬ್ಯಾಡ್ರಿ. ಈ ಗಾಡಿ ತಗ್ಗ ಇರತೈತಿ, ಕಬ್ಬಿನ ಟ್ರ್ಯಾಕ್ಟರದವನಿಗೆ ಕಾಣೂದಿಲ್ಲ. ಹಂಗಾಮಿನ್ಯಾಗ ಚಿಕ್ಕೋಡಿ ರಸ್ತೇಕ್ಕ ಒಯ್ಯೂದ ಬ್ಯಾಡ. ಹೊಲದ ದಾರಿ, ಸಾಲಿ ಮೈದಾನ ಸಾಕು. ಹಿಂದ ಎತ್ತರ ಕೋಲಿಗೆ ಕೆಂಪ ಬಾವುಟ ಕಟ್ಟರಿ, ಸೀರಿ ಸೆರಗು ಸಿಗದಂಗ ಚೈನಿಗೆ ಮುಚ್ಚಳ ಇರಲಿ. ಖುರ್ಚಿ ಭಾಳ ತಗ್ಗಿದ್ರ ಏಳೂದ ಕಷ್ಟ, ಎತ್ತರದ್ದನ್ನ ನೋಡರಿ. ಪೆಡಲ್ ದೂರ ಹೋದಾಗ ಮಣಕಾಲು ಚೂರ ಬಾಗಿರಬೇಕು, ಹಗೂರ ಗೇರ್‌ದಾಗ ತುಳೀಬೇಕು. ಎದಿ ಬ್ಯಾನಿ, ಬಿಪಿ ಇದ್ದವರು ಮೊದಲ ಡಾಕ್ಟರನ್ನ ಕೇಳರಿ. ಎಲುಬಿಗೆ ನಿಂತ ಭಾರ ಬೇಕು, ಅದಕ್ಕ ಸೈಕಲ್ ಬಂದ್ರೂ ನಡೆಯೂದು ಬಿಡಬ್ಯಾಡ್ರಿ.

ರೊಕ್ಕದ ಮಾತು. ಒಬ್ಬಾಕಿಗೆ ಇದು ತುಟ್ಟಿ. ಆದ್ರ ಸಂಘದಾಗ ಸೀರಿ, ಭಾಂಡಿ ಅಂತ ಭಿಸಿ ಹಾಕತೀವಲ್ಲ, ಹತ್ತು ಮಂದಿ ಕೂಡಿ ಒಂದ ಗಾಡಿ ತರಬಹುದು, ಪಾಳಿ ಹಚ್ಚಬಹುದು. ಅಲ್ಲೀತನಕ ಖುರ್ಚಿ ಮುಂದ ಇಟ್ಟು ತುಳಿಯೂ ಸಣ್ಣ ಪೆಡಲ್ ಸಿಗತಾವ. ಸೀರಿಯಲ್ ನೋಡಕೋತ ತುಳೀರಿ.

ನಮ್ಮವ್ವ ಕಡೀ ನಾಕ ವರ್ಷ ಹಿತ್ತಲಕ್ಕ ಹೋಗಾಕೂ ಒಬ್ಬರ ಹೆಗಲ ಬೇಡಿದಾಕಿ. ಆಕಿಗೆ ಜಡ್ಡು ಏನೂ ಇರಲಿಲ್ಲ, ಕಾಲಿನ್ಯಾಗ ಕಸುವು ಇರಲಿಲ್ಲ. ಆಕಿ ರಾತ್ರಿ ನೀರು ಕುಡಿಯೂದ ಬಿಟ್ಟಿದ್ಲು, ಯಾರನ್ನರ ಎಬ್ಬಿಸಬೇಕಾಗತೈತಿ ಅಂತ. ನನಗ ಬೇಕಾಗಿದ್ದು ಇಷ್ಟ: ಎಂಬತ್ತರಾಗೂ ನನ್ನ ಕಾಲಮ್ಯಾಲೆ ನಾನ ಎದ್ದು ಹೋಗಬೇಕು. ಇದು ಬೇಕನ್ನಿಸಿದವರು ಮುಂದಿನ ಸಂಘದ ದಿವಸ ಹೆಸರು ಹೇಳರಿ, ಪಾಳಿ ಚೀಟಿ ನಾ ಬರೀತೀನಿ.