ತಾಯತ ಹತ್ತಿರ, ಮಾತ್ರೆ ದೂರ

ಕಾಲೇಜಿಗೆ ಹೋಗುತ್ತಿದ್ದ ಮಗ ಒಂದು ದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ನಿದ್ದೆ ಬಿಡುತ್ತಾನೆ, ಸ್ನಾನ ಬಿಡುತ್ತಾನೆ. ಊರವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುತ್ತಾನೆ. ಕಣ್ಣಿಗೆ ಕಾಣದವರೊಡನೆ ಜಗಳವಾಡುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಮುಂದೇನಾಗುತ್ತದೆಂದು ನಮಗೆಲ್ಲ ಗೊತ್ತು. ಹಿಂದೂ ಮನೆಯಾದರೆ ಭೂತದ ಕಾಟ, ಮುಸ್ಲಿಮ್ ಮನೆಯಾದರೆ ಜಿನ್ನ್ ಕಾಟ. ಅಲ್ಲಿ ನಿಂಬೆಹಣ್ಣು, ಕೋಳಿ. ಇಲ್ಲಿ ತಾಯತ, ಓದಿ ಊದಿದ ನೀರು. ಧರ್ಮ ಬೇರೆ, ದಾರಿ ಮಾತ್ರ ಒಂದೇ. ಎರಡು ವರ್ಷ ಹೀಗೆ ಅಲೆದು, ಅಡಿಕೆ ಮಾರಿದ ಹಣವೂ ಮುಗಿದ ಮೇಲೆ ಯಾರೋ ಒಬ್ಬರು ಹೇಳುತ್ತಾರೆ: 'ಒಮ್ಮೆ ಡಾಕ್ಟರಿಗೆ ತೋರಿಸಿ ನೋಡಬಾರದೇ?'

ಇದನ್ನು ಕಂಡು 'ಮೂಢನಂಬಿಕೆ' ಎಂದು ನಗುವವರಿದ್ದಾರೆ. ಅವರಲ್ಲಿ ನನ್ನದೊಂದು ಪ್ರಶ್ನೆ. ಆ ತಂದೆ ಮೊದಲ ದಿನವೇ ಮಗನನ್ನು ಎಲ್ಲಿಗೆ ಕರೆದೊಯ್ಯಬೇಕಿತ್ತು? ಮಂತ್ರವಾದಿ ಪಕ್ಕದ ಊರಿನಲ್ಲಿದ್ದಾನೆ. ಹೊತ್ತಲ್ಲದ ಹೊತ್ತಿನಲ್ಲೂ ಸಿಗುತ್ತಾನೆ, ಗಂಟೆಗಟ್ಟಲೆ ಕೂತು ಕೇಳುತ್ತಾನೆ. ಮನೋವೈದ್ಯರು ಎಷ್ಟೋ ಕಾಲ ಶಿವಮೊಗ್ಗದಲ್ಲಿ ಮಾತ್ರ ಇದ್ದರು. ಈ ತಾಲೂಕು ಕೇಂದ್ರಗಳಿಂದ ಅರವತ್ತು-ಎಪ್ಪತ್ತು ಕಿಲೋಮೀಟರ್. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿಯ ಕಡೆಯವರಂತೂ ಸಾಗರ ಪೇಟೆಗೆ ಬರಲು ಲಾಂಚಿಗಾಗಿ ಕಾಯಬೇಕಿತ್ತು. 1964ರಲ್ಲಿ ಅಣೆಕಟ್ಟು ಕಟ್ಟಿ ಅವರ ದಾರಿ ಮುಳುಗಿಸಿದ ನಾಡು, ಸಿಗಂದೂರು ಸೇತುವೆಯನ್ನು ತೆರೆದದ್ದು 2025ರ ಜುಲೈಯಲ್ಲಿ. ಅಷ್ಟು ಕಾಲ ಅವರ ಪಾಲಿಗೆ ಹತ್ತಿರವಿದ್ದವನು ಮಂತ್ರವಾದಿಯೇ. ಇದರಲ್ಲಿ ಮೌಢ್ಯ ಯಾರದು?

ಹಾಗೆಂದು ಮಂತ್ರವಾದಿಯ ಪರ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. ಈ ರೋಗಗಳಿಗೆ ಚಿಕಿತ್ಸೆ ಇದೆ, ಅದನ್ನು ಹಳ್ಳಿಯ ಮಟ್ಟದಲ್ಲೇ ಕೊಡಬಹುದು ಎಂದು ತೋರಿಸಿಕೊಟ್ಟದ್ದು ಇದೇ ತೀರ್ಥಹಳ್ಳಿ. 2005ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತೀರ್ಥಹಳ್ಳಿ ತಾಲೂಕಿನಲ್ಲಿ ಕೆಲಸ ಆರಂಭಿಸಿದರು. ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಪೀಡಿತರನ್ನು ಹುಡುಕಿದರು. ಒಂದೇ ತಾಲೂಕಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸಿಕ್ಕರು. ಅನೇಕರು ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವರ್ಷದ ಬಳಿಕ ಮತ್ತೆ ನೋಡಿದಾಗ, ಔಷಧಿಯಿಲ್ಲದೆ ಉಳಿದವರ ಸ್ಥಿತಿ ಇದ್ದಲ್ಲೇ ಇತ್ತು. ಔಷಧಿ ಪಡೆದವರಲ್ಲಿ ದುಡಿಯುವ, ಬೆರೆಯುವ, ತಮ್ಮನ್ನು ತಾವು ನೋಡಿಕೊಳ್ಳುವ ಶಕ್ತಿ ಎದ್ದು ಕಾಣುವಷ್ಟು ಮರಳಿತ್ತು. ಈ ಫಲಿತಾಂಶ 2009ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗತ್ತಿನ ತಜ್ಞರು ತೀರ್ಥಹಳ್ಳಿಯಿಂದ ಪಾಠ ಕಲಿತರು. ಪಕ್ಕದ ಹೊಸನಗರ ಕಲಿಯಿತೇ? ಸಾಗರ ಕಲಿಯಿತೇ?

ನಮ್ಮ ನಾಡಿನಲ್ಲಿ ಅತಿ ದೊಡ್ಡ ಮೂಢನಂಬಿಕೆ ಎಂದರೆ ಜಿನ್ನ್, ಭೂತಗಳ ಮೇಲಿನ ನಂಬಿಕೆಯಲ್ಲ. 'ಹುಚ್ಚು ಒಮ್ಮೆ ಹಿಡಿದರೆ ಬಿಡುವುದಿಲ್ಲ' ಎಂಬ ನಂಬಿಕೆ. ಇದನ್ನು ಓದಿದವರೂ ನಂಬುತ್ತಾರೆ, ಅಧಿಕಾರಿಗಳೂ ನಂಬುತ್ತಾರೆ. ಗುಣವಾಗದ ರೋಗಕ್ಕೆ ಮಾತ್ರೆಯ ದಾಸ್ತಾನು ಮುಗಿದರೆ ಯಾರಿಗೆ ಅವಸರ?

ಇನ್ನು ನಮ್ಮ ಸಮುದಾಯದ ಒಳಗಿನ ಮಾತು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನೂ ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬುದು ಪ್ರವಾದಿಯವರ(ಸ) ಬೋಧನೆ. ಅದರಲ್ಲಿ ಮನಸ್ಸಿನ ರೋಗಕ್ಕೆ ವಿನಾಯಿತಿ ಇಲ್ಲ. ಹತ್ತನೇ ಶತಮಾನದಲ್ಲೇ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಗ್ರಂಥ ಬರೆದು, ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆ, ಅದಕ್ಕೂ ಚಿಕಿತ್ಸೆ ಬೇಕು ಎಂದು ವಾದಿಸಿದರು. 1284ರಲ್ಲಿ ಕೈರೋದಲ್ಲಿ ತೆರೆದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಇಂತಹ ಪರಂಪರೆಯ ವಾರಸುದಾರರಾದ ನಾವು ತಾಯತದ ದರಪಟ್ಟಿ ಹಿಡಿದ ವ್ಯಾಪಾರಿಯ ಮುಂದೆ ಮಕ್ಕಳನ್ನು ಕೂರಿಸುತ್ತಿದ್ದೇವೆ. 'ಡಾಕ್ಟರ ಔಷಧಿ ನಿಲ್ಲಿಸಿದರೆ ಮಾತ್ರ ನನ್ನದು ಕೆಲಸ ಮಾಡುತ್ತದೆ' ಎನ್ನುವವನು ಧಾರ್ಮಿಕನಲ್ಲ, ಅಪರಾಧಿ.

ಸಂಕೋಲೆಯ ಕೊನೆ ಎಲ್ಲಿ ಎಂಬುದನ್ನು ಏರ್ವಾಡಿ ತೋರಿಸಿದೆ. 2001ರ ಆಗಸ್ಟ್ 6ರ ಮುಂಜಾನೆ, ತಮಿಳುನಾಡಿನ ಆ ದರ್ಗಾದ ಬಳಿಯ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾಗಲಿಲ್ಲ. 28 ಮಂದಿ ಸತ್ತರು. ದರ್ಗಾದ ಹೆಸರಿನಲ್ಲಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಅವರು ಬಾಡಿಗೆಯ ತಲೆಗಳಷ್ಟೇ ಆಗಿದ್ದರು. ಇಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದು 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ಪ್ರತಿಬಂಧಕ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ಆದರೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ ಹಗ್ಗವನ್ನು ಕಾಯ್ದೆ ಬಿಚ್ಚಲಾರದು. ಪಕ್ಕದ ಮನೆಯವರೇ ಬಿಚ್ಚಬೇಕು.

ಹಾಗಾದರೆ ಪ್ರಾರ್ಥನೆ ಬೇಡವೇ? ಖಂಡಿತ ಬೇಕು. ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾವೂ ಭೂತರಾಯ-ಚೌಡೇಶ್ವರಿಯರ ಗುಡಿಯೂ ಒಂದೇ ಕಡೆ ಇವೆ. ನೊಂದವರು ಜಾತಿ ಧರ್ಮ ನೋಡದೆ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಸಿಗುವ ಸಮಾಧಾನವನ್ನು ಹೀಗಳೆಯುವ ಹಕ್ಕು ನಮಗಿಲ್ಲ. ತಮಿಳುನಾಡಿನ ದೇವಸ್ಥಾನವೊಂದರಲ್ಲಿ ಕೆಲವು ವಾರ ತಂಗಿದ ಮನೋರೋಗಿಗಳನ್ನು ನಿಮ್ಹಾನ್ಸ್‌ನ ತಜ್ಞರೇ ಅಧ್ಯಯನ ಮಾಡಿ, ಅವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದನ್ನು 2002ರಲ್ಲಿ ವರದಿ ಮಾಡಿದ್ದರು. ಹೊಡೆತವಿಲ್ಲದ, ಹೀಯಾಳಿಕೆಯಿಲ್ಲದ, ಊರವರ ಆಸರೆಯಿರುವ ಜಾಗವೇ ಅರ್ಧ ಔಷಧಿ ಎಂಬುದನ್ನು ಇದರಿಂದ ತಿಳಿಯಬಹುದು. ಗುಜರಾತಿನ ಉನಾವದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ ಔರ್ ದುವಾ' ನಡೆಯಿತು. ದುವಾ ಮಾಡಿಸಲು ಬಂದವರನ್ನು ದರ್ಗಾದ ಮುಜಾವರರೇ ಅಲ್ಲಿಯ ಮನೋವೈದ್ಯರ ಬಳಿಗೆ ಕಳುಹಿಸಿದರು. ಯಾರ ನಂಬಿಕೆಯೂ ಕೆಡಲಿಲ್ಲ.

ಮಾತ್ರೆಯೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ಎಲ್ಲ ದುಃಖವೂ ರೋಗವಲ್ಲ, ಎಲ್ಲ ಖಿನ್ನತೆಗೂ ಮಾತ್ರೆ ಬೇಡ. ಕೇಳುವ ಕಿವಿ, ಆಪ್ತಸಮಾಲೋಚನೆ, ನಿದ್ದೆ, ಕೆಲಸ ಇವು ಎಷ್ಟೋ ಮಂದಿಯನ್ನು ಎತ್ತಿ ನಿಲ್ಲಿಸುತ್ತವೆ. ಆದರೆ ತೀವ್ರ ಕಾಯಿಲೆಯವನಿಗೆ ಬರೀ ಉಪದೇಶ ಕೊಡುವುದು, ಮುರಿದ ಕಾಲಿಗೆ ಧೈರ್ಯ ಹೇಳಿದಂತೆ.

ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಚಿಕಿತ್ಸೆಯ ಜೊತೆಗೆ ಬರಹ, ಸಿನೆಮಾಗಳ ಮೂಲಕ ಈ ಮಾತನ್ನೇ ಹೇಳಿದರು. ಒಬ್ಬ ವೈದ್ಯರು ಹೇಳಿದ್ದನ್ನು ಈಗ ಊರು ಹೇಳಬೇಕು. ರಾಜ್ಯ ಸರಕಾರ 2014ರಲ್ಲಿ 'ಮನೋಚೈತನ್ಯ' ಯೋಜನೆಯನ್ನು ತಂದು, ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕಳುಹಿಸುವುದಾಗಿ ಹೇಳಿತು. ನಿಮ್ಮ ತಾಲೂಕಿನಲ್ಲಿ ಈ ಮಂಗಳವಾರ ವೈದ್ಯರು ಬಂದಿದ್ದಾರೆಯೇ? ತಿಂಗಳ ಮಾತ್ರೆ ಇದೆಯೇ? ಹೋಗಿ ಕೇಳಿ. ಸರಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಕಾಯ್ದೆ ಕೊಟ್ಟ ಹಕ್ಕು, ಯಾರ ದಯೆಯೂ ಅಲ್ಲ. ಮನೆಯಿಂದಲೇ ಮಾತಾಡಬೇಕೆಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಸಾಕು.

ರಸ್ತೆಗಾಗಿ ಧರಣಿ ಕೂರುತ್ತೇವೆ, ಅಡಿಕೆ ಬೆಲೆಗಾಗಿ ಮೆರವಣಿಗೆ ಹೊರಡುತ್ತೇವೆ. ಮಾತ್ರೆ ಮುಗಿದಿದೆ ಎಂದು ಯಾವ ಜಮಾಅತ್ ಕಮಿಟಿಯಾದರೂ, ಯಾವ ದೇವಸ್ಥಾನದ ಸಮಿತಿಯಾದರೂ ತಹಶೀಲ್ದಾರರಿಗೆ ಮನವಿ ಕೊಟ್ಟದ್ದುಂಟೇ? ಶುಕ್ರವಾರದ ಖುತ್ಬಾದಲ್ಲಿ ಖತೀಬರು ಎರಡು ನಿಮಿಷ ಈ ಬಗ್ಗೆ ಹೇಳಲಿ. ಕೋಣೆಯ ಬಾಗಿಲು ಹಾಕಿಕೊಂಡ ಆ ಹುಡುಗನಿಗೆ ದುವಾ ಬೇಕು, ನಿಜ. ಆದರೆ ದುವಾ ಮಾಡಿದ ಕೈಯೇ ಅವನನ್ನು ಹಿಡಿದು ಮಂಗಳವಾರದ ಬಸ್ಸು ಹತ್ತಿಸಲಿ.