ಕೇಳದ ವಿಷ ವರದಿಯಲ್ಲಿ ಕಾಣದು



ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ನಿಮಗೆಲ್ಲ ಗೊತ್ತು. 1970ರ ದಶಕದ ಕೊನೆಗೆ ಶುರುವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜಾಗ ಇಸ್ರೋ ಪಾಲಾಯಿತು. ಎಕರೆಗೆ ಲೆಕ್ಕ ಹಾಕಿದರು, ಯಂತ್ರಕ್ಕೆ ಲೆಕ್ಕ ಹಾಕಿದರು, ದುಡಿದವರ ಲೆಕ್ಕ ಚುಕ್ತಾ ಮಾಡಿದರು. ಅಡಿಯ ಮಣ್ಣಿನ ಲೆಕ್ಕ, ನೀರಿನ ಲೆಕ್ಕ ಎಲ್ಲಿ? ಅದರ ಕಾಗದ ಇದ್ದರೆ ಜನರ ಮುಂದೆ ಇಡಿ ಎಂದು ನಾವು ಕೇಳುತ್ತೇವೆ.

ಅಲ್ಲಿ ವಿಷ ಇದೆ ಅಂತ ನಾವು ಹೇಳ್ತಾ ಇಲ್ಲ. ಏನೂ ಇಲ್ಲ ಅಂತ ಬಾಯಿಮಾತಿನಲ್ಲಿ ಹೇಳಬೇಡಿ ಎನ್ನುತ್ತಿದ್ದೇವೆ.

ಕೈಗಡಿಯಾರದ ಕಸುಬು ಲೋಕದಲ್ಲೆಲ್ಲ ಒಂದೇ. ಲೋಹಕ್ಕೆ ನಿಕ್ಕಲ್, ಕ್ರೋಮಿಯಂ, ಚಿನ್ನದ ಲೇಪ ಕೊಡಬೇಕು. ಲೇಪದ ತೊಟ್ಟಿಗಳಲ್ಲಿ ಸಯನೈಡ್ ಬಳಸುವುದುಂಟು. ಎಣ್ಣೆ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನಿನಂಥ ದ್ರಾವಣ ಬೇಕು. ಇದು ನೀರಿಗಿಂತ ಭಾರ; ಚೆಲ್ಲಿದರೆ ನೆಲದೊಳಗೆ ಇಳಿಯುತ್ತಲೇ ಹೋಗುತ್ತದೆ. ಇಲ್ಲಿ ಯಾವ ಶೆಡ್ಡಿನಲ್ಲಿ ಏನು ಬಳಸಿದರು, ಉಳಿದಿದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಬೇಕು. ತುಮಕೂರು ರಸ್ತೆಯಲ್ಲೇ ಇರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ. ಅಲ್ಲಿ ಲೇಪದ ಕಾರ್ಖಾನೆಗಳು ಸಾಲುಗಟ್ಟಿವೆ. ಹಾಗಾಗಿ ನಮ್ಮ ಪ್ರಶ್ನೆ ಆಕಾಶದಿಂದ ಉದುರಿದ್ದಲ್ಲ.

"ನೀರು ಟೆಸ್ಟ್ ಮಾಡಿಸಿದ್ದೀವಿ, ಕುಡಿಯೋಕೆ ಯೋಗ್ಯ" ಅಂತಾರೆ. ಏನನ್ನು ಟೆಸ್ಟ್ ಮಾಡಿದಿರಿ ಸ್ವಾಮಿ? ಪಂಚಾಯ್ತಿಗೆ ಕೊಟ್ಟಿರುವ ಕಿಟ್ ಪೆಟ್ಟಿಗೆ ನೋಡುವುದು ಗಡಸುತನ, ಕ್ಲೋರೈಡ್, ಕಬ್ಬಿಣ, ನೈಟ್ರೇಟ್, ಫ್ಲೋರೈಡ್, ರೋಗಾಣು ಇಂಥವನ್ನು. ಅದು ಬೇಕಾದ್ದೇ. ಆದರೆ ನಿಕ್ಕಲ್, ಸೀಸ, ದ್ರಾವಣ ಅದಕ್ಕೆ ಕಾಣುವುದಿಲ್ಲ. ಕೇಳದ ಪ್ರಶ್ನೆಗೆ ಪ್ರಯೋಗಾಲಯ ಉತ್ತರ ಕೊಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ, ನಿಕ್ಕಲ್ 0.02, ಸೀಸ 0.01 ಮೀರಬಾರದು. ಇಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಕಾಯಿಸಿದರೂ ಲೋಹ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಹಾಗಾದರೆ ಏನನ್ನು ಕೇಳಬೇಕೆಂದು ಯಾರಿಗೆ ಗೊತ್ತು? ದುಡಿದವರಿಗೆ ಗೊತ್ತು. ಮುಚ್ಚಿದ ಯಾವ ಕಾರ್ಖಾನೆಯಾದರೂ ಅಷ್ಟೇ. ತೊಟ್ಟಿ ತೊಳೆದವರು, ಕೆಸರು ಹೊತ್ತವರು, ಗುಂಡಿ ತೋಡಿದವರು ಯಾರು? ಆ ಕೆಲಸ ಯಾವ ಕೇರಿಯವರ ಪಾಲಿಗೆ ಬರುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಎಂಜಿನಿಯರ್ ಸಾಹೇಬರ ನಕ್ಷೆಯಲ್ಲಿ ಇಲ್ಲದ ಗುಂಡಿ ಗುತ್ತಿಗೆ ಕೂಲಿಯ ನೆನಪಿನಲ್ಲಿ ಇರುತ್ತದೆ. ಅವರಿಗೆ ವಯಸ್ಸಾಗುತ್ತಿದೆ. ಅವರ ಬಾಯಿಂದ ಬಂದದ್ದನ್ನು ಬರೆದಿಟ್ಟುಕೊಳ್ಳದೆ ಮಾಡುವ ತಪಾಸಣೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ನಮ್ಮದು ಕಲ್ಲುನೆಲ. ಬಂಡೆಯ ಬಿರುಕಿನಲ್ಲಿ ನೀರು ಹರಿಯುತ್ತದೆ. ಕಾಂಪೌಂಡಿನ ಪಕ್ಕದ ಬೋರ್‌ವೆಲ್ ಶುದ್ಧವಿದ್ದು, ದೂರದ ಕೇರಿಯ ಬೋರ್‌ವೆಲ್ ಕೆಟ್ಟಿರಬಹುದು. ಒಂದು ಬಾಟ್ಲಿ ನೀರು ತೋರಿಸಿ ಊರಿಗೆಲ್ಲ ಸರ್ಟಿಫಿಕೇಟ್ ಕೊಡುವಂತಿಲ್ಲ. ನೀರಿನ ಹರಿವಿಗೆ ಮೇಲೊಂದು ಕೆಳಗೆ ಹಲವು ಬೋರ್‌ವೆಲ್, ಮಳೆಗೆ ಮುಂಚೆ ಒಮ್ಮೆ ಮಳೆಯಾದ ಮೇಲೆ ಒಮ್ಮೆ, ಮಣ್ಣನ್ನು ಮೇಲಿಂದಲೂ ಆಳದಿಂದಲೂ ತೆಗೆಯಬೇಕು. ಪೈಪಿನಲ್ಲಿ ನಿಂತ ನೀರು ಹೋಗುವ ತನಕ ಪಂಪು ಓಡಿಸಿ ಆಮೇಲೆ ಹಿಡಿಯಬೇಕು. ಲೋಹ ನೋಡುವ ಬಾಟ್ಲಿಗೆ ನೈಟ್ರಿಕ್ ಆಮ್ಲ ಹಾಕಬೇಕು. ಇಲ್ಲದಿದ್ದರೆ ಲೋಹ ಬಾಟ್ಲಿಯ ಗೋಡೆಗೆ ಅಂಟಿ ವರದಿಯಲ್ಲಿ ಮಾಯವಾಗುತ್ತದೆ. ಬಿ.ಎಸ್ಸಿ. ಓದುವ ತಮ್ಮಂದಿರೇ, ತಂಗಿಯರೇ, ಪರೀಕ್ಷೆಗೆ ಉರು ಹೊಡೆದ ರಸಾಯನಶಾಸ್ತ್ರಕ್ಕೆ ಇಲ್ಲಿ ಕೆಲಸ ಇದೆ.

ಕಾನೂನೂ ಇದೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಅನುಮಾನದ ಜಾಗಗಳನ್ನು ಸ್ಥಳೀಯ ಸಂಸ್ಥೆ ಇಲ್ಲವೇ ಜಿಲ್ಲಾಡಳಿತ ಪಟ್ಟಿ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಮಂಡಳಿ 90 ದಿನದೊಳಗೆ ಪ್ರಾಥಮಿಕ ತಪಾಸಣೆ ಮಾಡಬೇಕು. ಕೆಡಿಸಿದವನೇ ಶುದ್ಧಿಯ ಖರ್ಚು ಕೊಡಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಕಾಗದದ ನಕಲು ಕೇಳುವುದಕ್ಕೆ ಮಾತ್ರ ಅಂದುಕೊಂಡಿದ್ದೀರಾ? ಸರ್ಕಾರಿ ಸಂಸ್ಥೆಯ ವಶದಲ್ಲಿರುವ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಅರ್ಜಿಗೆ ಹತ್ತು ರೂಪಾಯಿ. ಎರಡು ಟೀ ಕಾಸು.

ಗುಬ್ಬಿ, ಕುಣಿಗಲ್ ಗೆಳೆಯರು ಇದು ತುಮಕೂರಿನ ತಂಟೆ ಅಂತ ಕೂರುವಂತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕುಣಿಗಲ್ಲಿನ ಅಂಚೇಪಾಳ್ಯದಲ್ಲಿ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಬರಲಿ, ನಮ್ಮ ಹುಡುಗರಿಗೆ ಕಸ ಗುಡಿಸುವ ಕೆಲಸ ಮಾತ್ರವಲ್ಲ, ಕಾಯಂ ಕೆಲಸವೂ ಸಿಗಲಿ. ಆದರೆ ಸುತ್ತಲಿನ ಊರು ಕೇರಿಗಳ ನೀರು ಇವತ್ತು ಹೇಗಿದೆ ಎಂದು ಇವತ್ತೇ ಬರೆದಿಡಬೇಕು. ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ "ಇಲ್ಲಿನ ನೀರು ಮೊದಲಿಂದಲೂ ಹೀಗೇ" ಅಂದುಬಿಡುತ್ತಾರೆ. ಆಗ ನಮ್ಮ ಕೈಯಲ್ಲಿ ಏನಿರುತ್ತದೆ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ನಾವು ಮುಟ್ಟಿದರೆ ನೀರು ಮೈಲಿಗೆ ಅಂದ ದೇಶ ಇದು. ನಿಜವಾದ ಮೈಲಿಗೆ ನೆಲದೊಳಗೆ ಇಳಿದರೆ ಅದನ್ನು ಮೊದಲು ಕುಡಿಯುವವರು ಯಾರು? ಕ್ಯಾನಿನ ನೀರಿಗೆ ದುಡ್ಡಿಲ್ಲದವರು, ಒಂದೇ ಬೋರ್‌ವೆಲ್ಲಿನ ಕೇರಿಯವರು. ಅಂದು ಕೆರೆಗೆ ಇಳಿಯುವುದು ಹಕ್ಕಾಗಿತ್ತು. ಇಂದು ಆ ನೀರಿನಲ್ಲಿ ಏನಿದೆ ಎಂದು ತಿಳಿಯುವುದೂ ಅದೇ ಹಕ್ಕಿನ ಮುಂದಿನ ಮೆಟ್ಟಿಲು.

ಪ್ರತಿ ಹಾಸ್ಟೆಲಿನಿಂದ ಐದು ಜನ ಸಾಕು. ಇಬ್ಬರು ಹಳೇ ಕಾರ್ಮಿಕರ ಮನೆಗೆ ಹೋಗಿ ಬರೆದುಕೊಳ್ಳಿ. ಇಬ್ಬರು ಕೇರಿಯ ಬೋರ್‌ವೆಲ್ಲುಗಳ ಪಟ್ಟಿ ಮಾಡಿ. ಒಬ್ಬರು ಅರ್ಜಿ ಹಾಕಿ. ಅಧಿಕಾರಿ ಬಾಟ್ಲಿ ತುಂಬುವಾಗ ಕೇರಿಯ ಹೆಂಗಸರು ಪಕ್ಕದಲ್ಲಿ ನಿಂತು ನೋಡಲಿ, ಮೊಹರಿನ ಮೇಲೆ ಅವರ ಸಹಿಯೂ ಬೀಳಲಿ. ವರದಿ ಕನ್ನಡದಲ್ಲಿ ಬರಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಶುದ್ಧವೆಂದು ಬಂದರೆ ನಿಶ್ಚಿಂತೆಯಿಂದ ಕುಡಿಯೋಣ. ಕೆಟ್ಟಿದೆ ಎಂದು ಬಂದರೆ ಆ ಕಾಗದ ಹಿಡಿದು ಬೀದಿಗಿಳಿಯೋಣ.