ಮರಕ್ಕೂ ಕೂಳೆಯುಂಟು

ಗಿಡ ನೆಡಿರಿ ಎಂಬ ಉಪದೇಶ ನಮ್ಮ ರೈತರಿಗೆ ಹೊಸದಲ್ಲ. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ಅದನ್ನು ಕೇಳುತ್ತ ಬಂದಿದ್ದೇವೆ. ಆದರೆ ಬೆಳೆದ ಮರವನ್ನು ಯಾವಾಗ ಕಡಿಯಬೇಕು, ಹೇಗೆ ಕಡಿಯಬೇಕು, ಕಡಿದಲ್ಲಿ ಮತ್ತೆ ಮರ ಬರಲು ಏನು ಮಾಡಬೇಕು ಎಂದು ಹೇಳುವವರು ವಿರಳ. ಮರ ಕಡಿಯುವುದೇ ಪಾಪವೆಂಬ ಭಾವನೆಯಿಂದ ಈ ವಿಷಯವನ್ನು ಬದಿಗಿಟ್ಟಿದ್ದೇವೆ. ಇದರಿಂದ ಕಡಿಯುವುದು ನಿಂತಿಲ್ಲ. ಕೆಟ್ಟದಾಗಿ ಕಡಿಯುವುದು ಮಾತ್ರ ಮುಂದುವರಿದಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಹೊಲಗದ್ದೆಗಳ ಸೀಮೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ತಲುಪಿದಲ್ಲೆಲ್ಲ ಕಬ್ಬು ನಿಂತಿದೆ. ಇಲ್ಲಿ ಒಡ್ಡಿನ ಮೇಲಿನ ಜಾಲಿ, ಬೇವು, ಸಾಗವಾನಿಗಳೇ ರೈತನ ಕಾಡು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದಾಗ ಅದನ್ನು ಇಡಿಯಾಗಿ ಗುತ್ತಿಗೆ ಕೊಡುವುದುಂಟು. ವ್ಯಾಪಾರಿ ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಾನೆ. ವಾರದೊಳಗೆ ಒಡ್ಡು ಬೋಳಾಗುತ್ತದೆ, ಬೊಡ್ಡೆಗಳನ್ನೂ ಜೆಸಿಬಿ ಯಂತ್ರ ಕಿತ್ತು ಹಾಕುತ್ತದೆ. ಮೂವತ್ತು ವರ್ಷದ ಗಳಿಕೆ ಒಂದೇ ಸಲಕ್ಕೆ ಮುಗಿದುಹೋಗುತ್ತದೆ.

ಇದೇ ರೈತ ಕಬ್ಬಿನಲ್ಲಿ ಹೀಗೆ ಮಾಡುವುದಿಲ್ಲ. ಕಬ್ಬನ್ನು ನೆಲಮಟ್ಟಕ್ಕೆ ಕಡಿಸುತ್ತಾನೆ, ಬೊಡ್ಡೆ ಸವರುತ್ತಾನೆ, ಖಾಲಿ ಜಾಗ ತುಂಬುತ್ತಾನೆ, ಕೂಳೆ ಬೆಳೆ ತೆಗೆಯುತ್ತಾನೆ. ಬಿತ್ತನೆಯ ಖರ್ಚಿಲ್ಲದೆ ಬರುವ ಬೆಳೆಯ ಬೆಲೆ ಅವನಿಗೆ ಗೊತ್ತು. ಮರಕ್ಕೂ ಕೂಳೆಯುಂಟು ಎಂಬುದನ್ನು ಮಾತ್ರ ಮರೆತಿದ್ದಾನೆ. ಸಾಗವಾನಿ, ಬೇವು, ಹೊಂಗೆ, ಸುಬಾಬುಲ್ ಬೊಡ್ಡೆಯಿಂದ ಚೆನ್ನಾಗಿ ಚಿಗುರುತ್ತವೆ. ನೆಲದೊಳಗೆ ಹರಡಿದ ಹಳೆಯ ಬೇರು ಸಿದ್ಧವಾಗಿರುವುದರಿಂದ ಈ ಚಿಗುರು ಮೊದಲ ವರ್ಷಗಳಲ್ಲಿ ಹೊಸ ಸಸಿಗಿಂತ ಬಹಳ ಬೇಗ ಏಳುತ್ತದೆ.

ಕಡಿಯುವ ಕ್ರಮ ಕಷ್ಟದ್ದಲ್ಲ. ಚಳಿಗಾಲದ ಕೊನೆಗೆ, ಹೊಸ ಚಿಗುರು ಒಡೆಯುವ ಮುಂಚೆ ಕಡಿಯಬೇಕು. ಆಗ ಮರದ ಆಹಾರ ಬೇರಿನಲ್ಲಿರುತ್ತದೆ. ನೆಲದಿಂದ 10ರಿಂದ 15 ಸೆಂ.ಮೀ. ಎತ್ತರದಲ್ಲಿ, ನೀರು ನಿಲ್ಲದಂತೆ ಸ್ವಲ್ಪ ಓರೆಯಾಗಿ, ನುಣುಪಾಗಿ ಕಡಿಯಬೇಕು. ಬೊಡ್ಡೆಯ ತೊಗಟೆ ಸೀಳಬಾರದು. ಚಿಗುರು ಹೊರಡುವುದು ಆ ತೊಗಟೆಯ ಕೆಳಗಿನಿಂದಲೇ. ಮೊದಲ ವರ್ಷ ಮುಳ್ಳುಬೇಲಿ ಕಟ್ಟಿ ಆಡುಗಳಿಂದ ಕಾಯಬೇಕು. ಎರಡನೆಯ ವರ್ಷ ತೊಲೆ ಬೇಕಾದವರು ಗಟ್ಟಿಯಾದ ಒಂದು ಚಿಗುರನ್ನು, ಉರುವಲು ಬೇಕಾದವರು ಮೂರು ನಾಲ್ಕನ್ನು ಬಿಟ್ಟು ಉಳಿದವನ್ನು ಸವರಬೇಕು. ಕಬ್ಬಿನ ಕೂಳೆಯಂತೆ ಮರದ ಬೊಡ್ಡೆಯೂ ಕೆಲವು ಕಡಿತಗಳ ನಂತರ ಸೊರಗುತ್ತದೆ. ಆಗ ಪಕ್ಕದಲ್ಲಿ ಹೊಸ ಸಸಿ ಬೇಕು.

ಜಾಲಿಯ ಮಾತು ಬೇರೆ. ಅದರ ಬೊಡ್ಡೆಯನ್ನು ನಂಬುವಂತಿಲ್ಲ, ಬೀಜದಿಂದಲೇ ಹೊಸ ಗಿಡ ಬರಬೇಕು. ದೊಡ್ಡ ಮರದ ನೆರಳಿನಲ್ಲಿ ಎಳೆ ಜಾಲಿ ಏಳುವುದಿಲ್ಲ. ಆದ್ದರಿಂದ ಒಂದು ತುಂಡು ಒಡ್ಡನ್ನು ಪೂರ್ತಿ ತೆರವು ಮಾಡಿ, ಒಳ್ಳೆಯ ಒಂದು ಮರವನ್ನು ಬೀಜಕ್ಕೆಂದು ಅಂಚಿನಲ್ಲಿ ಉಳಿಸುವುದು ಲೇಸು. ಆಡು ಕುರಿಗಳು ಜಾಲಿಕಾಯಿ ತಿಂದು ಹಾಕಿದ ಬೀಜ ಸುಲಭವಾಗಿ ಮೊಳೆಯುತ್ತದೆ. ದೊಡ್ಡಿಯಲ್ಲಿ ಅದನ್ನು ಆರಿಸಿಕೊಂಡು ಮುಂಗಾರಿಗೆ ಬಿತ್ತಬಹುದು. ಜಾಲಿ ಬರಿಯ ಸೌದೆಯಲ್ಲ. ರಂಟೆ, ಕುಂಟೆ, ಚಕ್ಕಡಿಯ ಗಾಲಿಗೆ ಅದೇ ಕಟ್ಟಿಗೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಅಥಣಿ, ನಿಪ್ಪಾಣಿಗಳಲ್ಲಿಯೂ ಹೊಲಿಯುತ್ತಾರೆ. ಅದರ ತೊಗಲನ್ನು ಹದ ಮಾಡಲು ಜಾಲಿಯ ತೊಗಟೆ ಬೇಕು. ನಿಂತ ಮರದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಕಡಿದ ಮರದಿಂದ ಸುಲಿದರೆ ಕಟ್ಟಿಗೆ, ತೊಗಟೆ ಎರಡಕ್ಕೂ ಬೆಲೆ ಬರುತ್ತದೆ.

ಇನ್ನು ಸರದಿಯ ವಿಚಾರ. ಅರಣ್ಯದವರು ಕಾಡನ್ನು ಕೂಪುಗಳಾಗಿ ಹಂಚಿ ವರ್ಷಕ್ಕೊಂದನ್ನು ಕಡಿಯುವ ಪದ್ಧತಿ ಹಳೆಯದು. ಕೊನೆಯ ಕೂಪು ಮುಗಿಯುವಷ್ಟರಲ್ಲಿ ಮೊದಲನೆಯದು ಬೆಳೆದು ನಿಂತಿರಬೇಕು ಎಂಬುದೇ ಅದರ ಲೆಕ್ಕ. ಮಂಜೂರಾದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆದೇಶಿಸಿತು. ಕಾಡಿಗೆ ಬೇಕಾದ ಯೋಜನೆ ಒಡ್ಡಿಗೆ ಬೇಡವೇ? ನಲವತ್ತು ಮರಗಳಿದ್ದು ಉರುವಲಿಗೆ ಹತ್ತು ವರ್ಷದ ಸರದಿ ಇಟ್ಟುಕೊಂಡರೆ ವರ್ಷಕ್ಕೆ ನಾಲ್ಕು ಮರ ಕಡಿಯಬಹುದು. ತೊಲೆಯ ಮರಕ್ಕೆ ಸರದಿ ಉದ್ದವಾಗುತ್ತದೆ, ಲೆಕ್ಕ ಅದೇ. ಒಡ್ಡು ಎಂದೂ ಬೋಳಾಗುವುದಿಲ್ಲ. ಅವಸರದ ಮಾರಾಟವೂ ತಪ್ಪುತ್ತದೆ.

ಒಡ್ಡಿನ ಮರ ಕಬ್ಬಿಗೆ ನೆರಳು ಮಾಡುತ್ತದೆ, ಬೊಡ್ಡೆ ಟ್ರ್ಯಾಕ್ಟರಿಗೆ ಅಡ್ಡ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ನೆರಳು ಹೆಚ್ಚಾಗುವುದು ಮರಗಳನ್ನು ಬಹಳ ವರ್ಷ ಮುಟ್ಟದೆ ಬಿಟ್ಟಾಗ. ಸರದಿಯಲ್ಲಿ ಕಡಿಯುವ ಒಡ್ಡಿನಲ್ಲಿ ಎಳೆಯ ಮರಗಳೂ ಇರುವುದರಿಂದ ನೆರಳು ಹತೋಟಿಯಲ್ಲಿರುತ್ತದೆ. ನೀರಾವರಿ ಹೊಲದ ನಡುವಿನ ಬದುಗಳನ್ನು ಬಿಟ್ಟು ಹೊರಗಿನ ಒಡ್ಡುಗಳನ್ನು ಮಾತ್ರ ಮರಕ್ಕೆ ಮೀಸಲಿಡಬಹುದು. ಅಥಣಿಯ ಪೂರ್ವಕ್ಕೆ, ಮಳೆ ಕಡಿಮೆಯಿರುವ ಒಣಭೂಮಿಯಲ್ಲಿ, ಬೆಳೆ ಕೈಕೊಟ್ಟ ವರ್ಷ ಮನೆ ನಡೆಸಲು ಈ ಮರಗಳೇ ಆಸರೆಯಾಗಬಲ್ಲವು.

ಕಾನೂನನ್ನೂ ಅರಿತಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಹೊಲದ ಮರಕ್ಕೂ ಅನುಮತಿ ಬೇಕಾಗುತ್ತದೆ. ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕಡಿದುದಕ್ಕೆ ಬದಲು ಸಸಿ ನೆಡಬೇಕೆಂಬ ಷರತ್ತನ್ನು ಹಾಕಲು ಈ ಕಾನೂನಿನಲ್ಲಿ ಅವಕಾಶವಿದೆ. ಚೆನ್ನಾಗಿ ಕಾಯ್ದು ಬೆಳೆಸಿದ ಬೊಡ್ಡೆಯ ಚಿಗುರನ್ನೂ ಅಂಥ ಸಸಿಯೆಂದೇ ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ನೆಟ್ಟು ಮರೆತ ಸಸಿಗಿಂತ ಬದುಕಿ ನಿಂತ ಚಿಗುರು ಮೇಲು.

ವಿಸ್ತರಣಾ ಕಾರ್ಯಕರ್ತರೂ ಸಸಿ ಹಂಚುವುದರೊಂದಿಗೆ ಕಡಿಯುವ ಪ್ರಾತ್ಯಕ್ಷಿಕೆಯನ್ನು ಹಳ್ಳಿಗಳಲ್ಲಿ ಏರ್ಪಡಿಸಬೇಕು. ರೈತ ಬಾಂಧವರು ಮುಂದಿನ ಸಲ ವ್ಯಾಪಾರಿಯೊಡನೆ ಮಾತಾಡುವಾಗ ಎರಡು ಕರಾರು ಹಾಕಲಿ: ಗುರುತು ಮಾಡಿದ ಮರಗಳನ್ನಷ್ಟೇ ಕಡಿಯಬೇಕು, ಬೊಡ್ಡೆಯನ್ನು ಮುಟ್ಟಬಾರದು. ಕಟ್ಟಿಗೆ ಅವನದು, ಬೇರು ನಿಮ್ಮದು.